ಸೋಮವಾರದ ಬುಟ್ಟಿ

ತರಕಾರಿ ಬೆಳೆಯುವುದು ಕಷ್ಟವಲ್ಲ, ಬೆಳೆದವರ ಕೈಯಿಂದ ಅದನ್ನು ಬಿಡಿಸಿಕೊಳ್ಳುವುದು ಕಷ್ಟ ಎಂದು ಈ ಮಳೆಗಾಲದಲ್ಲಿ ನನಗೆ ವಾರವಾರವೂ ಮನವರಿಕೆಯಾಗಿದೆ. ಕಾಣಿಯೂರಿನ ಮೂರು ಮನೆಗಳ ತರಕಾರಿಯನ್ನು ಪ್ರತಿ ಸೋಮವಾರ ಪುತ್ತೂರಿನ ಒಂದು ಅಂಗಡಿಗೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟವನು ನಾನು.

೧. ಸರದಿ

ಮುಳ್ಳುಸೌತೆ ತಪ್ಪದೆ ಸಿಗಬೇಕಾದರೆ ಮೂರು ಮನೆಯವರೂ ಹದಿನೈದು ದಿನ ಬಿಟ್ಟು ಬಿಟ್ಟು ಬೀಜ ಹಾಕಬೇಕು. ಸರದಿಯನ್ನು ಬರೆದು ಗೋಡೆಗೆ ಅಂಟಿಸಿ ಬಂದೆ. ಎಲ್ಲರೂ ತಲೆಯಾಡಿಸಿದರು, ಎಲ್ಲರೂ ಮಳೆಗಾಲದ ಮುಂಚೆ ಬಿತ್ತನೆಗೆ ಒಳ್ಳೆಯದೆನ್ನುವ ಪತ್ತನಾಜೆಯ ದಿನವೇ ಬೀಜ ಹಾಕಿದರು.

ಒಂದು ಸೋಮವಾರ ಪಿಕಪ್‌ನಲ್ಲಿ ನನಗೆ ಕೂರಲು ಜಾಗವಿರಲಿಲ್ಲ. ತಿಂಗಳು ಕಳೆದ ಮೇಲೆ ಪಿಕಪ್‌ನಲ್ಲಿ ನಾನೊಬ್ಬನೇ.

"ಸರದಿ ಬರೆದದ್ದು ಎಂತಕ್ಕೆ?" ಎಂದು ಮೊದಲ ಮನೆಯವರನ್ನು ಕೇಳಿದೆ.

"ನಿಮ್ಮ ಸರದಿ ಸರಿಯೇ ಉಂಟು ಮಾರಾಯ್ರೆ. ಆದರೆ ಪತ್ತನಾಜೆ ವರ್ಷಕ್ಕೆ ಒಂದೇ ಸಲ ಬರುದಲ್ವಾ?"

ಅಂಗಡಿಯವರು ಮಾತ್ರ ನಗಲಿಲ್ಲ. "ಇನ್ನೆರಡು ವಾರ ನೋಡ್ತೇನೆ. ಆಮೇಲೆ ಘಟ್ಟದ ಮೇಲಿಂದ ಬರುವ ತರಕಾರಿ ಲಾರಿಯಿಂದಲೇ ತರಿಸುದು" ಎಂದರು. ನನಗೆ ಹೆದರಿಕೆಯಾಯಿತು.

೨. ಬೀಜಕ್ಕೆ ಬಿಟ್ಟದ್ದು

ಮುಂದಿನ ಸೋಮವಾರ ಎರಡನೆಯ ಮನೆಯ ಚಪ್ಪರದ ತುಂಬ ಹೀರೆಕಾಯಿ. ಹೋದ ಜೀವ ಬಂತು. ಕೈ ಹಾಕಿದೆ.

"ಅದು ಬೇಡ, ಬೀಜಕ್ಕೆ ಬಿಟ್ಟದ್ದು" ಎಂದರು ಯಜಮಾನರು.

ಪಕ್ಕದ್ದೂ ಬೀಜಕ್ಕೆ. ಅದರಾಚೆಯದೂ ಬೀಜಕ್ಕೆ.

"ಎಲ್ಲ ಬೀಜಕ್ಕಾ?"

"ಯಾವುದರ ಬೀಜ ಒಳ್ಳೆದು ಅಂತ ಒಣಗಿದ ಮೇಲಲ್ವಾ ಗೊತ್ತಾಗುದು?"

ಬೇಡಿಕೊಂಡು ಅರ್ಧ ಬುಟ್ಟಿ ತಂದೆ. ಅಂಗಡಿಯವರು ಬುಟ್ಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಇನ್ನು ಒಂದೇ ಸೋಮವಾರ."

೩. ಬರಿಗೈ

ಉಳಿದದ್ದು ಮೂರನೆಯ ಮನೆಯ ಅಜ್ಜಿಯ ಅಲಸಂಡೆ. ಶನಿವಾರವೇ ನೋಡಿ ಬಂದಿದ್ದೆ, ಮೂರು ಬುಟ್ಟಿಗೆ ಮೋಸವಿರಲಿಲ್ಲ. ಸೋಮವಾರ ಬೆಳಿಗ್ಗೆ ಹೋದರೆ ಬಳ್ಳಿಯಲ್ಲಿ ಎಲೆ ಮಾತ್ರ.

"ನಿನ್ನೆ ಪುತ್ತೂರಿನವರೊಬ್ಬರು ಗದ್ದೆ ನೋಡ್ಲಿಕ್ಕೆ ಬಂದಿದ್ರು" ಎಂದರು ಅಜ್ಜಿ. "ಮನೆಗೆ ಬಂದವರನ್ನು ಬರಿಗೈಲಿ ಕಳಿಸುದು ಹೇಗೆ? ಎಲ್ಲ ಕೊಯ್ದು ಕಾರಿಗೆ ಹಾಕಿದೆ."

ತಪ್ಪೊಪ್ಪಿಕೊಳ್ಳಲು ಖಾಲಿ ಪಿಕಪ್‌ನಲ್ಲೇ ಪುತ್ತೂರಿಗೆ ಹೋದೆ. ನೋಡಿದರೆ ಅಂಗಡಿಯ ಮುಂದೆ ಅಲಸಂಡೆಯ ರಾಶಿ.

"ನಿಮ್ಮನ್ನು ನಂಬಿ ಆಗುದಿಲ್ಲ ಅಂತ ನಾನೇ ನೋಡ್ಲಿಕ್ಕೆ ಹೋಗಿದ್ದೆ" ಎಂದರು ಅಂಗಡಿಯವರು. "ಒಳ್ಳೆ ಮಾಲು. ಇನ್ನು ನಿಮ್ಮಿಂದಲೇ ತೆಗೊಳ್ತೇನೆ. ಆದರೆ ದುಡ್ಡು ಕೊಟ್ಟರೆ ಅಜ್ಜಿ ಬೈತಾರೆ ಮಾರಾಯ್ರೆ, ಅವರಿಗೆ ಸ್ವಲ್ಪ ಹೇಳಿ."

ಬದುಕಿದೆ ಎಂದುಕೊಂಡು ಕಾಣಿಯೂರಿಗೆ ವಾಪಸು ಓಡಿದೆ. "ಅಜ್ಜಿ, ಅವರು ನೆಂಟರಲ್ಲ. ಪ್ರತಿ ಸೋಮವಾರ ನಮ್ಮ ತರಕಾರಿ ತೆಗೊಳ್ಳುವ ಅಂಗಡಿಯವರು."

ಅಜ್ಜಿ ಕೆನ್ನೆಗೆ ಕೈ ಹಚ್ಚಿದರು.

"ಮೊದಲೇ ಹೇಳ್ಬಾರದಾ? ಒಂದು ಊಟ ಸಹ ಹಾಕದೆ ಕಳಿಸಿದೆ. ಬರುವ ಭಾನುವಾರ ಮನೆಯವರನ್ನೆಲ್ಲ ಕರ್ಕೊಂಡು ಬರ್ಲಿಕ್ಕೆ ಹೇಳಿ. ಬದನೆಯೂ ಆಗಿರ್ತದೆ, ಅದನ್ನೂ ಕೊಟ್ಟು ಕಳಿಸುವ."