ಇನ್ನೂರ ಅರವತ್ತನೆಯ ಮೆಟ್ಟಿಲು

ಊರು ತೋರಿಸುವುದೂ ಒಂದು ಕೆಲಸವೇ? ಕೈ ಎತ್ತಿ ತೋರಿಸಬೇಕು, ಬಾಯಿಗೆ ಬಂದ ಇಸವಿ ಹೇಳಬೇಕು, ಮುಂದೆ ನಡೆಯಬೇಕು. ಇಟಲಿಯ ನಮ್ಮ ಬೊಲೋನ್ಯಾದಲ್ಲಿ ಹದಿನೆಂಟು ವರ್ಷದಿಂದ ಗೈಡ್ ಆಗಿರುವ ನನ್ನ ಹೆಂಡತಿ ಓರ್ನೆಲ್ಲಾಳ ಗಂಟಲು ಕಟ್ಟಿ ಬರೀ ಪಿಸುಮಾತು ಉಳಿದ ದಿನ ನಾನು ಎದೆಯುಬ್ಬಿಸಿ ಹೀಗೆ ಘೋಷಿಸಿದೆ. ಅಂದು ಮಧ್ಯಾಹ್ನ ಪಕ್ಕದೂರು ಫೆರಾರಾದಿಂದ ಹನ್ನೆರಡು ಮಂದಿ ನಿವೃತ್ತ ಶಿಕ್ಷಕಿಯರು ಬರುವವರಿದ್ದರು.

"ನಿನ್ನ ಕೈಲಾಗಲ್ಲ, ಗ್ವಾಲ್ತಿಯೇರೊ," ಎಂದು ಪಿಸುಗುಟ್ಟಿದಳು.

"ಐವತ್ತೆರಡು ವರ್ಷ ಈ ಊರಲ್ಲಿ ಕಣ್ಣು ಮುಚ್ಕೊಂಡು ಓಡಾಡಿದ್ದೀನಾ?" ಎಂದೆ.

ಮೊದಲೆರಡು ಗಂಟೆ ನಾನು ಚಕ್ರವರ್ತಿ! ನೆಪ್ಚೂನನ ಕಾರಂಜಿಯ ಮುಂದೆ ಇಸವಿಗಳನ್ನು ಧಾರಾಳವಾಗಿ ದಾನ ಮಾಡಿದೆ. ಸಾನ್ ಪೆತ್ರೋನಿಯೊ ಚರ್ಚಿನ ಮುಂಭಾಗ ಅರ್ಧಕ್ಕೇ ನಿಂತದ್ದಕ್ಕೆ ನನ್ನದೇ ಒಂದು ಕಾರಣ ಕೊಟ್ಟೆ. ಪಾಪ, ಶಿಕ್ಷಕಿಯರು ಬರೆದುಕೊಂಡರು. ಅಸಿನೆಲ್ಲಿ ಗೋಪುರದ ಬುಡಕ್ಕೆ ಬಂದಾಗ ಮಾತ್ರ ಮೆಲ್ಲಗೆ ಗುಂಪಿನ ಹಿಂದಕ್ಕೆ ಸರಿದೆ.

ಒಪ್ಪಿಕೊಂಡುಬಿಡುತ್ತೇನೆ. ಎತ್ತರವೆಂದರೆ ನನಗೆ ಜೀವ ಹೋಗುತ್ತದೆ. ಮದುವೆಯಾಗಿ ಇಪ್ಪತ್ತಾರು ವರ್ಷ ಇದನ್ನು ಹೆಂಡತಿಯಿಂದ ಮುಚ್ಚಿಟ್ಟಿದ್ದೆ. ಡಿಗ್ರಿ ಮುಗಿಸದವರು ಆ ಗೋಪುರ ಹತ್ತಿದರೆ ಡಿಗ್ರಿ ಕೈಗೆ ಬರುವುದೇ ಇಲ್ಲ ಎಂಬ ನಂಬಿಕೆ ನಮ್ಮೂರಲ್ಲಿ ಗಟ್ಟಿ. ಹಾಗಾಗಿ ಕಾನೂನಿನ ಎರಡು ಪರೀಕ್ಷೆಗಳನ್ನು ಮೂವತ್ತು ವರ್ಷ ಜೋಪಾನವಾಗಿ ಬಾಕಿ ಉಳಿಸಿಕೊಂಡಿದ್ದೆ. ಯಾರು ಕರೆದರೂ, ಓದು ಮುಗಿದಿಲ್ಲವಲ್ಲ ಎಂದರೆ ಸಾಕಿತ್ತು. ಕಳೆದ ಮಾರ್ಚಿನಲ್ಲಿ ಓರ್ನೆಲ್ಲಾಳ ಹಟಕ್ಕೆ ಪರೀಕ್ಷೆ ಬರೆದೆ, ದುರದೃಷ್ಟವಶಾತ್ ಪಾಸಾದೆ.

ನಾನು ಪಾಸಾದದ್ದು ಫೆರಾರಾದವರಿಗೇನು ಗೊತ್ತು ಎಂದು ಹಳೆಯ ನೆಪವನ್ನೇ ಹೊರತೆಗೆದೆ. ಅಷ್ಟರಲ್ಲಿ ಗೋಪುರದ ಬಾಗಿಲಲ್ಲಿ ಟಿಕೆಟ್ ನೋಡುವ ಫೋಸ್ಕೊ, "ಬನ್ನಿ ದೊತ್ತೋರೆ, ಡಿಗ್ರಿ ಬಂತಲ್ಲ, ಇನ್ನೇನು ಅಡ್ಡಿ?" ಎಂದು ಪದವೀಧರರ ಬಿರುದು ಹಿಡಿದೇ ಕರೆದುಬಿಟ್ಟ. ಹನ್ನೆರಡು ಕನ್ನಡಕಗಳು ನನ್ನತ್ತ ತಿರುಗಿದವು.

ಹತ್ತಿದೆ.

ಒಟ್ಟು ನಾನೂರ ತೊಂಬತ್ತೆಂಟು ಮೆಟ್ಟಿಲು. ಸವೆದ ಮರ, ಒಬ್ಬರನ್ನೊಬ್ಬರು ದಾಟಲಾಗದಷ್ಟು ಕಿರಿದು. ಇನ್ನೂರ ಅರವತ್ತನೆಯದರಲ್ಲಿ ಕೆಳಗೆ ನೋಡಿದೆ. ಗೋಪುರದ ಹೊಟ್ಟೆಯೊಳಗೆ ಕತ್ತಲ ಬಾವಿ! ಕಂಬಿ ತಬ್ಬಿಕೊಂಡು ಕುಳಿತೆ. ಇಳಿಯುವವರು ಮೇಲೆ ಸಾಲುಗಟ್ಟಿದರು, ಹತ್ತುವವರು ಕೆಳಗೆ. ಬೆನ್ನ ಹಿಂದಿದ್ದ ಎಪ್ಪತ್ತೆಂಟರ ಯೊಲಾಂದಾ ಟೀಚರ್, "ಉಸಿರು ಬಿಡು ಮರಿ. ಮೊದಲು ಬಿಡು, ಆಮೇಲೆ ತಗೋ," ಎಂದರು.

ಫೋಸ್ಕೊ ಫೋನು ಮಾಡಿ ಓರ್ನೆಲ್ಲಾಳನ್ನು ಕರೆಸಿದ. ಅವಳು ಬಂದಳು, ದನಿ ಬರಲಿಲ್ಲ. ಅವಳು ಅವನ ಕಿವಿಯಲ್ಲಿ ಪಿಸುಗುಟ್ಟುವುದು, ಅವನು ಮೇಲಿನವರಿಗೆ ಕೂಗುವುದು, ಮಾತು ಬಾಯಿಂದ ಬಾಯಿಗೆ ಹತ್ತಿ ನನ್ನ ತನಕ ಬರುವುದು. ನಮ್ಮ ಸಂಸಾರ ಇಡೀ ಗೋಪುರದ ಪಾಲಾಯಿತು. ಏನಾಗಿದೆ ಎಂಬುದು ಮೊದಲ ಪ್ರಶ್ನೆ.

"ಹೆದರಿಕೆ ಅಂತ ಹೇಳಿ," ಎಂದೆ. "ಇಪ್ಪತ್ತಾರು ವರ್ಷದಿಂದ ಸುಳ್ಳು ಹೇಳ್ಕೊಂಡು ಬಂದೆ ಅಂತಾನೂ ಹೇಳಿ."

ನನ್ನ ಮಾನ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಯಿತು. ಕಾದೆ. ಕೆಳಗಿನ ಬಾವಿಗಿಂತ ಅಲ್ಲಿಂದ ಬರುವ ಉತ್ತರವೇ ಹೆಚ್ಚು ಭಯ ಹುಟ್ಟಿಸಿತು. ಇಷ್ಟು ವರ್ಷದ ಸುಳ್ಳುಗಾರನನ್ನು ಯಾವ ಹೆಂಡತಿ ಮನೆಗೆ ಸೇರಿಸಿಕೊಳ್ಳುತ್ತಾಳೆ?

ಉತ್ತರ ಬಂತು. ಯೊಲಾಂದಾ ಟೀಚರ್ ಉಕ್ತಲೇಖನ ಹೇಳುವಂತೆ ನಿಧಾನವಾಗಿ ಒಪ್ಪಿಸಿದರು: "ಮದುವೆಯಾದ ವರ್ಷವೇ ಅವಳಿಗೆ ಗೊತ್ತಾಗಿತ್ತಂತೆ. ಬಾಲ್ಕನೀಲಿ ನೀನು ಒಂದು ಕಾಲುಚೀಲಾನೂ ಒಣಹಾಕಿಲ್ಲವಂತೆ. ಅದಿರಲಿ, ನಿನ್ನನ್ನ ಹತ್ತು ಅಂದಿದ್ದು ಯಾರು ಅಂತ ಕೇಳ್ತಿದ್ದಾಳೆ. ಗೈಡ್ ಆದವರು ಜನರನ್ನ ಮೇಲೆ ಕಳಿಸಿ, ಎದುರಿನ ಅಂಗಡೀಲಿ ಕಾಫಿ ಕುಡೀತಾರಂತೆ. ಹದಿನೆಂಟು ವರ್ಷದಲ್ಲಿ ಅವಳು ಒಂದು ಮೆಟ್ಟಿಲೂ ಹತ್ತಿಲ್ಲವಂತೆ."

ಗೋಪುರ ಬುಡದಿಂದ ತುದಿಯವರೆಗೆ ನಕ್ಕಿತು.

ಕೆಳಗಿನವರು ಇಳಿದು ದಾರಿ ಬಿಟ್ಟರು. ಎದ್ದು ನಿಲ್ಲುವ ಧೈರ್ಯವಿಲ್ಲದೆ, ಕೂತಲ್ಲಿಂದಲೇ ಒಂದೊಂದು ಮೆಟ್ಟಿಲು ಜಾರುತ್ತ ಇಳಿದೆ. ಓರ್ನೆಲ್ಲಾ ಎದುರಿನ ಅಂಗಡಿಯಲ್ಲಿ ಎರಡು ಕಾಫಿ ಹೇಳಿ, ಪಕ್ಕದ ಕುರ್ಚಿ ಎಳೆದು, "ಕೂತ್ಕೋ," ಎಂದು ಪಿಸುಗುಟ್ಟಿದಳು.

ಕೂರುವ ಸ್ಥಿತಿ ಎಲ್ಲಿತ್ತು? ನಿಂತೇ ಕುಡಿದೆ.