ಪಟಗಾ ಉಳಿಸಿದ ಪಿಟೀಲು

ಉಳಿದವರು ಹೊಸ ಕೆಲಸಕ್ಕೆ ಕೈ ಹಾಕಿದರೆ ಅದು ಸುಮ್ಮನೆ ಆಗಿಹೋಗುತ್ತದೆ; ನಾನು ಹಾಕಿದರೆ ಮಾತ್ರ ಊರಿಗೆ ಒಂದು ಕತೆ ಸಿಗುತ್ತದೆ. ನಿಲಂಗಾದ ಮಠದಲ್ಲಿ ಮಾಸ್ತರರೊಬ್ಬರು ಪಿಟೀಲು ನುಡಿಸಿದ್ದು ಕೇಳಿ ಬಂದವನೇ ನಮ್ಮೂರ ಕಟ್ಟೆಯ ಮೇಲೆ ನಿಂತು ಹೇಳಿಬಿಟ್ಟೆ: “ಶ್ರಾವಣದ ಕಡೀ ಸೋಮಾರ ಮಠದಾಗ ಆ ಮಾಸ್ತರ ಬಾಜೂಕ ಕುಂತು ನಾ ನುಡಸ್ತೀನಿ. ಇಲ್ಲಂದ್ರ ಈ ಪಟಗಾ ಬಿಚ್ಚಿ ನಿಮ್ಮ ಕಾಲಾಗ ಇಡ್ತೀನಿ.” ತಲೆಗೆ ಸುತ್ತಿದ ಆ ಪಟಗಾ ನಮ್ಮಜ್ಜನದು, ಹನ್ನೆರಡು ಮೊಳದ ರುಮಾಲು.

೧. ಎತ್ತು ಆರಿಸಿದ ಹಾಂಗ

ಕಲಿಸಲು ಮಾಸ್ತರರು ಹೂಂ ಅಂದರು. ಪಿಟೀಲು ಕೊಳ್ಳಲು ಅವರ ಜೊತೆ ಉದಗೀರಕ್ಕೆ ಹೋದೆ. ಅವರು ದುಕಾನದ ಸಾಹೇಬರಿಗೆ ಸಲಾಮು ಹೇಳುವುದರೊಳಗೆ ನಾನು ಆರಿಸಿ ಮುಗಿಸಿದ್ದೆ. ಎತ್ತಿನ ವಿಷಯದಲ್ಲಿ ನನ್ನ ಕಣ್ಣು ಎಂದೂ ತಪ್ಪಿಲ್ಲ. ಅಗಲ ಎದೆ, ಸಣ್ಣ ನಡು, ಮುಖ ಕಾಣುವಂಥ ಹೊಳಪು. ಹೊಟ್ಟೆ ತಟ್ಟಿದೆ, ಬೆನ್ನ ಮೇಲೆ ಕೈ ಆಡಿಸಿದೆ. ಮಾಸ್ತರರೋ ಮೂಲೆಯಿಂದ ಬಣ್ಣ ಹೋದ ಒಂದನ್ನು ತೆಗೆದರು.

“ಮಾಸ್ತರ್, ಅದು ಮುದಿ ಆಗ್ಯಾದ್ರೀ.”

ಅವರು ಎರಡರ ಮೇಲೂ ಒಂದೊಂದು ಸಲ ಕಮಾನು ಎಳೆದರು. ನನ್ನದು ತಗಡು ಕೆರೆದಂತೆ ಕೂಗಿತು. ಮುದಿಯದು ಉಲಿದಾಗ ಸಾಹೇಬರು ಬಾಯಿಗೆ ಒಯ್ದ ವೀಳ್ಯದೆಲೆ ಕೈಯಲ್ಲೇ ಉಳಿಯಿತು.

“ನಿಂದು ಚಲೋ ಅದ ತಮ್ಮಾ,” ಅಂದರು ಮಾಸ್ತರರು. “ಹೊಲಕ್ಕ ಒಯ್ದು ಗಳೇಕ್ಕ ಹೂಡು. ಕಲೀಲಾಕ ಇದನ್ನ ತಗೋ.”

೨. ಬಾಜೂ ಮನಿ ಕಾಕು

ಮನೆಯಲ್ಲಿ ಮೊದಲ ಸಲ ನುಡಿಸಿದ ಮುಂಜಾನೆ ಬಾಜೂ ಮನೆಯ ಚಿಕ್ಕವ್ವ, ನಮ್ಮ ಕಾಕು, ಬಿಸಿನೀರು, ಬೆಲ್ಲ ಹಿಡಿದು ಓಡಿ ಬಂದಳು.

“ಎಮ್ಮಿ ಈಯಲತ್ತದೇನವ್ವ?”

“ಇಲ್ಲವ್ವ, ನಮ್ಮಾಂವ ಪಿಟೀಲು ಕಲೀಲತ್ತಾನ,” ಅಂದಳು ಅವ್ವ.

ಕಾಕು ಇನ್ನಷ್ಟು ಕೇಳಿ, ಬೆಲ್ಲವನ್ನು ಅವ್ವನ ಕೈಗೆ ಕೊಟ್ಟಳು. “ಎಮ್ಮಿ ಆಗಿದ್ರ ಇಷ್ಟೊತ್ತಿಗೆ ಬಿಡುಗಡಿ ಆಗತಿತ್ತು. ಇದನ್ನ ನೀನೇ ತಿನ್ನು.”

೩. ಕುಸುಬಿ ಎಣ್ಣಿ

ಕಮಾನಿನ ಕುದುರೆಕೂದಲಿಗೆ ದಿನಾ ತಿಕ್ಕಲು ಮಾಸ್ತರರು ರಾಳದ ಗಟ್ಟಿ ಕೊಟ್ಟಿದ್ದರು. ಕೂದಲು ತಂತಿಯನ್ನು ಹಿಡಿಯಬೇಕು, ಹಿಡಿದರೇ ನಾದ ಅಂದಿದ್ದರು. ಎಷ್ಟು ತಿಕ್ಕಿದರೂ ನನ್ನ ಕಿರ್ರ್ ಅನ್ನುವುದು ಹೋಗಲಿಲ್ಲ. ಕಡೀ ಸೋಮವಾರ ಬಂದೇಬಿಟ್ಟಿತು. ಬಂಡಿ ಕಿರಗುಟ್ಟಿದರೆ ಯಾರಾದರೂ ರಾಳ ಹಚ್ಚುತ್ತಾರೆಯೇ? ಅಚ್ಚಿಗೆ ಎಣ್ಣೆ ಬಿಡುತ್ತಾರೆ. ಮಠಕ್ಕೆ ಹೊರಡುವ ಮೊದಲು ಕಮಾನಿಗೆ ಕುಸುಬಿ ಎಣ್ಣೆ ಚೆನ್ನಾಗಿ ಕುಡಿಸಿದೆ.

ಭಜನೆ ಸುರುವಾಯಿತು. ನಮ್ಮೂರ ಮಂದಿಯೆಲ್ಲ ಎದುರಿಗೆ. ಮಾಸ್ತರರ ಬಾಜೂಕ ಕುಂತು ಕಮಾನು ಎಳೆದೆ. ಜಾರಿತು. ಮತ್ತೆ ಎಳೆದೆ. ತಂತಿಗೆ ಉಸಿರೇ ಇಲ್ಲ. ತಲೆಯ ಮೇಲಿನ ಹನ್ನೆರಡು ಮೊಳ ಒಂದೊಂದಾಗಿ ಭಾರವಾಗತೊಡಗಿತು.

ಮಾಸ್ತರರ ಮೂಗಿಗೆ ಎಣ್ಣೆ ವಾಸನೆ ಬಡಿಯಿತು. ನನ್ನ ಕಡೆ ಸರಿದು, “ಕೈ ನಿಂದ್ರಸಬ್ಯಾಡ,” ಎಂದರು ಸಣ್ಣಗೆ. ಆಮೇಲೆ ಎರಡು ತಂತಿ ಕೂಡಿಸಿ ನುಡಿಸಿದರು ನೋಡಿ, ಇಬ್ಬರು ನುಡಿಸಿದಂತೆ ಮಠ ತುಂಬಿತು. ಅಂಥ ಕೈ ನಾನು ಮತ್ತೆಲ್ಲೂ ಕಂಡಿಲ್ಲ. ನಾನೂ ಕಣ್ಣು ಮುಚ್ಚಿ, ತಲೆ ತೂಗಿ, ಜೋರಾಗಿ ಕಮಾನು ಆಡಿಸಿದೆ.

ಮುಗಿದ ಮೇಲೆ ಮಠದ ಸ್ವಾಮಿಗಳಾದ ಅಪ್ಪನವರು ಕೇಳಿದರು: “ಇಬ್ಬರ ನಾದಾನೂ ಒಂದ ಆಗಿತ್ತು. ಹುಡುಗ ತಯಾರಾಗ್ಯಾನೇನು?”

ಊರವರು ಕಿವಿಗೊಟ್ಟರು. ನಾನು ಪಟಗಾ ಹಿಡಿದುಕೊಂಡೆ.

ಮಾಸ್ತರರು ಕೈಮುಗಿದರು. “ಹೌದ್ರೀ ಅಪ್ಪಾರ. ಇವತ್ತ ಇಂವಾ ಒಂದೂ ಸ್ವರ ತಪ್ಪಲಿಲ್ಲ.”