ಗಾಳಿ ತುಂಬಿದ ಬೆನ್ನು

ಕಟ್ಟುತ್ತಿದ್ದ ಕಟ್ಟಡದ ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಖಾಲಿಯಾದದ್ದೇ ಎಲ್ಲದಕ್ಕೂ ಮೂಲ. ಅದರಲ್ಲಿ ಕೂರುತ್ತಿದ್ದ ಮುದಿ ವಾಚ್‌ಮನ್ ಮನ್ಮಾಡಿನಲ್ಲಿದ್ದ ಮಗಳ ಮನೆಗೆ ಹೊರಟುಹೋದ ದಿನದಿಂದ ಚನಬಸಪ್ಪನಿಗೆ ಕನಸಿನಲ್ಲೂ ಆ ಕುರ್ಚಿಯೇ. ಹನ್ನೆರಡು ವರ್ಷ ಸಿಮೆಂಟ್ ಚೀಲ ಹೊತ್ತು ನಾಸಿಕದ ಎಷ್ಟೋ ಕಟ್ಟಡಗಳನ್ನು ನೆಟ್ಟಗೆ ನಿಲ್ಲಿಸಿದ್ದ. ಬಾಗಿದ್ದು ಅವನ ಬೆನ್ನು ಮಾತ್ರ.

“ಬೆನ್ನು ಹೋದಾಂವಗ ಕುರ್ಚಿ. ಯಾರಿಗನ್ನೂದು ಸಂಜೀಕ ಹೇಳ್ತೀನಿ,” ಎಂದು ಅವತ್ತು ಬೆಳಿಗ್ಗೆ ಹೇಳಿದ್ದ ಮುಕಾದಮ ಅಂಬರೀಶ, ಕೂಲಿಯವರನ್ನೆಲ್ಲ ಊರಿಂದ ಕರೆತಂದವನು.

“ಇವತ್ತೊಂದಿನ ಚಂದಂಗ ಬಗ್ಗಿ ನಡಿ ಕಾಕಾ,” ಎಂದ ಜೊತೆಗಾರ ಮಹಿಬೂಬ. “ನೀ ಎಷ್ಟು ಬಗ್ತೀ, ಕುರ್ಚಿ ಅಷ್ಟು ಸಮೀಪ.”

ಅದೇ ಹೊತ್ತಿಗೆ ಸಂಭಾಜಿನಗರದ ಕಂಪನಿಯೊಂದರ ಇಂಜಿನಿಯರ್ ನಿತೀಶ್ ಬಂದಿಳಿದ, ತಾಯಿಯ ಕನ್ನಡವನ್ನು ಅರ್ಧ ಮರೆತವನು. ಕೈಯಲ್ಲಿ ಪರೀಕ್ಷೆಗೆಂದು ತಂದ ಗಾಳಿಯ ಬೆಲ್ಟು: ಬೆನ್ನುದ್ದಕ್ಕೂ ರಬ್ಬರ್ ನಳಿಗೆ, ಸೊಂಟಕ್ಕೆ ಪುಟ್ಟ ಪಂಪು. ಗಾಳಿ ತುಂಬಿದರೆ ನಳಿಗೆ ಬಿಗಿದು ಬೆನ್ನನ್ನು ಎತ್ತಿ ಹಿಡಿಯುತ್ತದಂತೆ.

“ಏಕದಮ್ ಖರಾಬ್ ಬೆನ್ನು ಯಾರ್ದು?”

ಎಲ್ಲರ ಬೆರಳೂ ಚನಬಸಪ್ಪನತ್ತ.

ನಿತೀಶ್ ಅವನಿಗೆ ಬೆಲ್ಟು ಬಿಗಿದ. ಪಂಪು ಬುಸ್ಸೆಂದಿತು. ಚನಬಸಪ್ಪ ಧ್ವಜದ ಕಂಬದಂತೆ ಸೆಟೆದು ನಿಂತ. ಇಟ್ಟಿಗೆ ಹೊರುತ್ತಿದ್ದ ಹೆಂಡತಿ ಮಾಳವ್ವ ಬುಟ್ಟಿ ಬಿಸಾಕಿ ಚೀರಿದಳು: “ಅಯ್ಯಯ್ಯ, ನಮ್ಮನಿಯವ್ರಿಗೆ ಗಾಳಿ ಬಡೀತು!”

“ಬಡದಿಲ್ಲಬೇ ಕಾಕಿ, ತುಂಬ್ಯಾರ,” ಎಂದ ಮಹಿಬೂಬ.

ಅವಳು ಕೇಳಲಿಲ್ಲ, ಕಾಲಿನ ಚಪ್ಪಲಿ ತೆಗೆದು ಗಂಡನಿಗೆ ನಿವಾಳಿಸತೊಡಗಿದಳು.

ಗದ್ದಲ ಕೇಳಿ ಅಂಬರೀಶ ಬಂದ. “ಏನಲೇ ಚನಬಸ್ಯಾ, ಸಾಹೇಬರಗತೆ ನಿಂತೀ! ಈ ಬೆನ್ನಿಗೆ ಕುರ್ಚಿ ಯಾಕ? ಎರಡು ಚೀಲ ಹೇರ್ರಿ ಇವಗ!”

ನಿಜ ಹೇಳೋಣವೆಂದರೆ ಬೆಲ್ಟು ಉಸಿರನ್ನೇ ಹಿಂಡಿತ್ತು. ಬಿಚ್ಚೋಣವೆಂದರೆ ಕ್ಲಿಪ್ಪು ಕಚ್ಚಿಕೊಂಡಿತ್ತು. ಉಳಿದದ್ದು ಒಂದೇ ದಾರಿ, ಮುಕಾದಮನ ಎದುರೇ ಬಗ್ಗಿ ತೋರಿಸುವುದು. ಎರಡು ಚೀಲ ಹೊತ್ತು ಮೊದಲ ಮೆಟ್ಟಿಲಲ್ಲೇ ಹಲ್ಲು ಕಚ್ಚಿ ಬಗ್ಗಿದ.

ಢಬ್! ನಳಿಗೆ ಒಡೆಯಿತು. ಅದರ ಹಿಂದೆಯೇ ಚನಬಸಪ್ಪನ ಸೊಂಟ ಲಟಕ್ಕೆಂದಿತು. ಚೀಲಗಳು ಒಂದು ಕಡೆ, ಅವನೊಂದು ಕಡೆ.

ನಿತೀಶ್ ಓಡಿಬಂದ. “ಅರೇ ದೇವಾ! ಯಾರೂ ಹಿಲಾಯಿಸಬ್ಯಾಡ್ರಿ, ಅಳ್ಳಾಡಿಸಬ್ಯಾಡ್ರಿ! ಗಾಡಿ ತರಸ್ರಿ, ಈಗಿಂದೀಗ ಸಂಭಾಜಿನಗರಕ್ಕ ಒಯ್ಯಬೇಕು! ಬಿಸಿಲು ತಾಗಬಾರ್ದು!”

ಚನಬಸಪ್ಪನ ಕಣ್ಣು ತುಂಬಿತು. ಹನ್ನೆರಡು ವರ್ಷದಲ್ಲಿ ಅವನ ಮೇಲಿನ ಬಿಸಿಲನ್ನು ಕಂಡವರೇ ಇರಲಿಲ್ಲ.

ನಿತೀಶ್ ಸ್ಕ್ರೂಡ್ರೈವರಿನಿಂದ ಕ್ಲಿಪ್ಪು ಮೀಟಿದ. ಬೆಲ್ಟನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಗೇಟಿನ ನೆರಳಲ್ಲಿದ್ದ ಕುರ್ಚಿಗೆ ಒರಗಿಸಿದ.

“ಗಾಡಿ ಬರೂತನಕ ಇದನ್ನ ಯಾರರೆ ಕಾಯ್ಬೇಕು.”

“ಏಳಲೇ ಚನಬಸ್ಯಾ,” ಎಂದ ಅಂಬರೀಶ. “ಬೆನ್ನು ಹೋತಲ್ಲ? ಕೊಟ್ಟ ಮಾತು ತಪ್ಪಾಂವಲ್ಲ ನಾ. ಇವತ್ತಿಂದ ನೀನ ವಾಚ್‌ಮನ್.”

ಮಾಳವ್ವ, ಮಹಿಬೂಬ ಹೆಗಲು ಕೊಟ್ಟು ಅವನನ್ನು ಗೇಟಿಗೆ ತಂದರು.

“ಕುಂದ್ರೂದು ಎಲ್ಲಿರಿ?”

“ಕಣ್ಣು ಕಾಣಂಗಿಲ್ಲೇನು? ಕುರ್ಚ್ಯಾಗ ಮಷಿನ್ ಐತಿ. ನಿಂದರು,” ಎಂದು ಗದರಿದ ಅಂಬರೀಶ.

ಚನಬಸಪ್ಪ ಗೇಟಿನ ಸರಳು ಹಿಡಿದು ನಿಂತ. ನಿತೀಶ್ ದೂರದಿಂದ ಅವನ ಫೋಟೊ ಹೊಡೆದು ಕಂಪನಿಗೆ ಕಳಿಸಿದ. ಕೆಳಗೆ ಒಂದೇ ಸಾಲು: ‘ಬೆಲ್ಟ್ ತೆಗೆದ ಮೇಲೂ ನಿಂತಿದ್ದಾನೆ. ಪರೀಕ್ಷೆ ಯಶಸ್ವಿ.’